ಟಂಟಂ ಯಾವ ಖಾನೆಗೆ?

ರಸ್ತೆಯೊಳಗೆ ಹೂತಿಟ್ಟ ಸೆನ್ಸರ್‌ಗೆ ವಾಹನ ಅಂದರೆ ಏನೆಂದು ಗೊತ್ತಿಲ್ಲ. ತನ್ನ ಮೇಲೆ ಏನೋ ಬಂತು, ಇಷ್ಟು ಹೊತ್ತು ಇತ್ತು, ಹೋಯಿತು: ಅದರ ಜ್ಞಾನ ಇಷ್ಟೇ. ಬೀದರ್‌ನಿಂದ ಔರಾದ್‌ಗೆ ಹೊರಟ ಬಸ್ಸು, ಜನವಾಡಾದ ಹತ್ತಿರ ಸಕ್ಕರೆ ಕಾರ್ಖಾನೆಯತ್ತ ತೆವಳುವ ಕಬ್ಬಿನ ಡಬಲ್ ಟ್ರಾಲಿ, ಹನ್ನೆರಡು ಜನರನ್ನು ತುಂಬಿಕೊಂಡು ಭಾಲ್ಕಿಗೆ ಹೊರಟ ಟಂಟಂ ಆಟೋ, ಎಲ್ಲವೂ ಅದರ ಪಾಲಿಗೆ ಒಂದೊಂದು ಅಲುಗಾಟ. ಈ ಅಲುಗಾಟಗಳನ್ನು ‘ದಿನಕ್ಕೆ ಇಷ್ಟು ವಾಹನ’ ಎಂಬ ಸಾಲಾಗಿ ಮಾಡುವುದು ಅದರ ಹಿಂದಿನ ಲೆಕ್ಕ. ಆ ಲೆಕ್ಕದ ಹೆಜ್ಜೆಹೆಜ್ಜೆಗೂ ಯಾರೋ ಒಬ್ಬರು ಕೂತು ತೀರ್ಮಾನ ಮಾಡಿರುತ್ತಾರೆ. ರಸ್ತೆ ಅಗಲವಾಗಬೇಕೇ, ಡಾಂಬರು ಎಷ್ಟು ದಪ್ಪ ಇರಬೇಕು, ಸಿಗ್ನಲ್ ಎಲ್ಲಿ ಬೇಕು ಎಂಬುದೆಲ್ಲ ಕೊನೆಗೆ ಬಂದು ನಿಲ್ಲುವುದು ಆ ತೀರ್ಮಾನಗಳ ಮೇಲೆ.

ಈ ಕೆಲಸ ಮೊದಲು ಪೂರ್ತಿ ಮನುಷ್ಯರದಾಗಿತ್ತು. 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್, ನಗರದ ಹೊರಗಿನ ರಸ್ತೆಗಳ ವಾಹನ ಗಣತಿಗೆಂದೇ ಒಂದು ಕೈಪಿಡಿ ಹೊರಡಿಸಿದೆ. ಎಂಜಿನಿಯರ್‌ಗಳ ಬಾಯಲ್ಲಿ ಅದು ಐಆರ್‌ಸಿ-9. ಅದರ 1972ರ ಆವೃತ್ತಿಯ ಪ್ರಕಾರ ವರ್ಷಕ್ಕೆ ಕನಿಷ್ಠ ಎರಡು ಸಲ ಎಣಿಸಬೇಕು. ಒಂದು ಸಲ ಸುಗ್ಗಿ ಮುಗಿದು ಮಾಲು ಮಾರುಕಟ್ಟೆಗೆ ಹೋಗುವ ಕಾಲದಲ್ಲಿ, ಇನ್ನೊಂದು ಸಲ ಸಂಚಾರ ತೆಳುವಾದ ಕಾಲದಲ್ಲಿ. ಪ್ರತಿ ಸಲವೂ ಒಂದೇ ಸಮನೆ ಏಳು ದಿನ, ಹಗಲೂ ರಾತ್ರಿ. ರಸ್ತೆ ಬದಿಯಲ್ಲಿ ಕೂತವನು ನಾಲ್ಕು ವಾಹನಕ್ಕೆ ನಾಲ್ಕು ನೆಟ್ಟ ಗೆರೆ ಎಳೆದು ಐದನೆಯದಕ್ಕೆ ಓರೆ ಗೆರೆ ಹೊಡೆಯಬೇಕು. ಎಂಟೆಂಟು ಗಂಟೆಯ ಪಾಳಿ. ಜನವರಿಯ ಚಳಿಯಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ ಬಿದ್ದ ಗೆರೆಗಳಲ್ಲಿ ಕಣ್ಣಾರೆ ಕಂಡದ್ದೆಷ್ಟು, ಅಂದಾಜಿನದೆಷ್ಟು ಎಂದು ಕೇಳುವುದು ಸಭ್ಯತೆಯಲ್ಲ.

ಕೈಪಿಡಿಯನ್ನು ಅಕ್ಷರಶಃ ಪಾಲಿಸಿದರೂ ಎಣಿಸುವುದು ಹದಿನಾಲ್ಕು ದಿನ, ಅಂದರೆ 336 ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ನೂರರಲ್ಲಿ ನಾಲ್ಕು ಪಾಲೂ ಆಗದ ಇಣುಕುನೋಟದಿಂದ ಇಡೀ ವರ್ಷದ ರಸ್ತೆಯನ್ನು ಊಹಿಸಬೇಕು. ನಿದ್ದೆಯಿಲ್ಲದ ಎಣಿಕೆಗಾರ ಬೇಕೆಂಬ ಆಸೆ ಹುಟ್ಟಿದ್ದು ಇಲ್ಲಿಂದ.

ವಾಹನವನ್ನು ತಾನಾಗಿ ಪತ್ತೆ ಹಚ್ಚುವ ಮೊದಲ ಪ್ರಯತ್ನಗಳಲ್ಲಿ ಒಂದು ನಡೆದದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ. 1928ರಲ್ಲಿ ಚಾರ್ಲ್ಸ್ ಆಡ್ಲರ್ ಎಂಬಾತ ಸಿಗ್ನಲ್ ಕಂಬಕ್ಕೆ ಮೈಕ್ ಕಟ್ಟಿದ. ಕಾರಿನವನು ಬಂದು ಹಾರ್ನ್ ಹೊಡೆದರೆ ದೀಪ ಹಸಿರಾಗುತ್ತಿತ್ತು. ಬೀದರ್‌ನ ಅಂಬೇಡ್ಕರ್ ವೃತ್ತದಲ್ಲಿ ಅದನ್ನು ಹಾಕಿದರೆ ನಾಲ್ಕೂ ಕಡೆ ಇಡೀ ದಿನ ಹಸಿರು! ಆಮೇಲೆ ರಸ್ತೆಗೆ ಅಡ್ಡ ಹಾಸುವ ರಬ್ಬರ್ ಕೊಳವೆಗಳು ಬಂದವು. ಚಕ್ರ ಹತ್ತಿದಾಗ ಒಳಗಿನ ಗಾಳಿ ಒತ್ತಿಕೊಂಡು ತುದಿಯ ಸ್ವಿಚ್ಚನ್ನು ತಟ್ಟುತ್ತದೆ. ತಾತ್ಕಾಲಿಕ ಗಣತಿಗೆ ಇವು ಇಂದಿಗೂ ಬಳಕೆಯಲ್ಲಿವೆ. 1960ರ ದಶಕದಲ್ಲಿ ಬಂದ ಇಂಡಕ್ಟಿವ್ ಲೂಪ್ ಮಾತ್ರ ಜಗತ್ತಿನ ರಸ್ತೆಗಳನ್ನೇ ಆಳಿತು. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಡಾಂಬರನ್ನು ಗರಗಸದಿಂದ ಚೌಕಾಕಾರವಾಗಿ ಸೀಳಿ, ಆ ಸೀಳಿನಲ್ಲಿ ತಂತಿಯನ್ನು ಮೂರು-ನಾಲ್ಕು ಸುತ್ತು ಸುತ್ತಿ, ಮೇಲೆ ಅಂಟು ಸುರಿದು ಮುಚ್ಚುತ್ತಾರೆ. ಚೌಕದ ಒಂದು ಬದಿ ಎರಡು ಮೀಟರಿನ ಆಸುಪಾಸು. ತಂತಿಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತಿರುತ್ತದೆ. ಲೋಹದ ಗಾಡಿ ಮೇಲೆ ಬಂದಾಗ, ಲೂಪಿನ ಕಾಂತಕ್ಷೇತ್ರ ಆ ಲೋಹದೊಳಗೆ ಸುಳಿಸುಳಿಯಾದ ಪುಟ್ಟ ಪ್ರವಾಹಗಳನ್ನು ಹುಟ್ಟಿಸುತ್ತದೆ. ಅವು ತಮ್ಮನ್ನು ಹುಟ್ಟಿಸಿದ ಕ್ಷೇತ್ರವನ್ನೇ ಎದುರಿಸುತ್ತವೆ. ಲೂಪಿನ ಇಂಡಕ್ಟನ್ಸ್ ಇಳಿಯುತ್ತದೆ, ಸರ್ಕಿಟ್ಟಿನ ಕಂಪನಾಂಕ ತುಸು ಏರುತ್ತದೆ. ರಸ್ತೆ ಬದಿಯ ಪೆಟ್ಟಿಗೆ ಗಮನಿಸುವುದು ಈ ಏರಿಕೆಯನ್ನು. ಭಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಲೋಹದ ಹರವು ಮತ್ತು ನೆಲದಿಂದ ಅದರ ಎತ್ತರ ಮುಖ್ಯ. ಹಾಗಾಗಿ ನೆಲಕ್ಕೆ ಹತ್ತಿದಂತಿರುವ ಪುಟ್ಟ ಕಾರು ದೊಡ್ಡ ಸದ್ದು ಮಾಡುತ್ತದೆ, ಎತ್ತರದ ಚಾಸಿಯ ಲಾರಿ ಮೆಲ್ಲಗೆ ಗೊಣಗುತ್ತದೆ. ಬೈಕು ಲೂಪಿನ ನಟ್ಟನಡುವೆ ಹಾದರೆ ಕಾಣದೆಯೂ ಹೋಗಬಹುದು. ಬೈಕು ಕಾಣಲೆಂದು ಸೂಕ್ಷ್ಮತೆ ಹೆಚ್ಚಿಸಿದರೆ ಎದುರು ಬದಿಯಲ್ಲಿ ಹೋಗುವ ಲಾರಿಯೂ ಇಲ್ಲಿ ಎಣಿಕೆಯಾಗುತ್ತದೆ.

ಬೀದರ್ ಜಿಲ್ಲೆಯಲ್ಲಿ ಲೂಪಿಗೆ ಇನ್ನೊಂದು ಶತ್ರು ಇದೆ, ನೆಲ. ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ, ಗಟ್ಟಿ ನೆಲ. ಭಾಲ್ಕಿ, ಔರಾದ್‌ಗಳತ್ತ ಇಳಿದರೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಬಿರುಕು ಬಿಟ್ಟ ಕಡೆ ಒಳಗಿನ ತಂತಿ ಎಳೆದು ತುಂಡಾಗುತ್ತದೆ. ಇಂಥ ರಸ್ತೆಗೆ ಕಂಬದ ಮೇಲಿನ ರಾಡಾರ್ ಅಥವಾ ಕ್ಯಾಮೆರಾ ಮೇಲು. 24 ಗಿಗಾಹರ್ಟ್ಸ್‌ನ ರಾಡಾರ್ ಅಲೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಬರುವ ಜೀಪಿಗೆ ಬಡಿದು ಮರಳಿದಾಗ ಅದರ ಕಂಪನಾಂಕ ಸುಮಾರು 2,700 ಹರ್ಟ್ಸ್‌ನಷ್ಟು ಹೆಚ್ಚಿರುತ್ತದೆ. 1842ರಲ್ಲಿ ಡಾಪ್ಲರ್ ನಕ್ಷತ್ರಗಳ ಬಣ್ಣಕ್ಕೆಂದು ಹೇಳಿದ ತತ್ತ್ವವೇ ಇದು.

ಔರಾದ್ ರಸ್ತೆಯಲ್ಲಿ, ಮಾಂಜ್ರಾ ನದಿಯ ಕೌಠಾ ಸೇತುವೆಗೆ ಮುಂಚೆ, ಗಟ್ಟಿ ನೆಲ ನೋಡಿ ಎರಡು ಲೂಪ್ ಹಾಕಿದೆವು ಎಂದುಕೊಳ್ಳಿ. ಒಂದರ ಮುಂಚೂಣಿಯಿಂದ ಇನ್ನೊಂದರ ಮುಂಚೂಣಿಗೆ ನಾಲ್ಕು ಮೀಟರ್. ಡಿಸೆಂಬರ್ ತಿಂಗಳು, ಕಬ್ಬು ನುರಿಸುವ ಕಾಲ. ಒಂದು ಟ್ರ್ಯಾಕ್ಟರ್ ಎರಡು ಟ್ರಾಲಿ ಎಳೆದುಕೊಂಡು ಬರುತ್ತಿದೆ. ಮೊದಲ ಲೂಪ್ ಎಚ್ಚೆತ್ತ 0.48 ಸೆಕೆಂಡಿಗೆ ಎರಡನೆಯದು ಎಚ್ಚೆತ್ತಿತು. ನಾಲ್ಕು ಮೀಟರಿಗೆ ಅಷ್ಟು ಹೊತ್ತೆಂದರೆ ಸೆಕೆಂಡಿಗೆ 8.33 ಮೀಟರ್, ಗಂಟೆಗೆ 30 ಕಿಲೋಮೀಟರ್. ಮೊದಲ ಲೂಪಿನ ಮೇಲೆ ಅದು 2.04 ಸೆಕೆಂಡ್ ಇತ್ತು. ವೇಗದಿಂದ ಗುಣಿಸಿದರೆ 17 ಮೀಟರ್, ಅದರಲ್ಲಿ ಲೂಪಿನ ಎರಡು ಮೀಟರ್ ಕಳೆದರೆ 15 ಮೀಟರ್ ಉದ್ದದ ವಾಹನ. ಎಷ್ಟು ಚೆಂದ!

ರಸ್ತೆಯಲ್ಲಿ ಆಗುವುದು ಬೇರೆ. ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವೆ ಇರುವುದು ಒಂದು ಕಬ್ಬಿಣದ ದಂಡ. ಟ್ರಾಲಿಯ ತಳ ಎತ್ತರದಲ್ಲಿದೆ. ಆ ಸಂದು ಲೂಪಿನ ಮೇಲೆ ಬಂದಾಗ ಸಂಕೇತ ಕುಸಿದು ನೆಲ ಮುಟ್ಟುತ್ತದೆ. ‘ವಾಹನ ಹೋಯಿತು’ ಎಂದು ಪೆಟ್ಟಿಗೆ ಬರೆದುಕೊಳ್ಳುತ್ತದೆ. ಮರುಕ್ಷಣ ಟ್ರಾಲಿ, ‘ಇನ್ನೊಂದು ಬಂತು’. ಎರಡನೇ ಟ್ರಾಲಿ, ‘ಮತ್ತೊಂದು’. ದಾಖಲೆಯಲ್ಲಿ ಈಗ ಒಂದರ ಹಿಂದೆ ಒಂದು ಅಂಟಿಕೊಂಡಂತೆ ಹೋಗುವ ಮೂರು ಪುಟ್ಟ ವಾಹನಗಳಿವೆ. ವಿದೇಶದಲ್ಲಿ ತಯಾರಾದ ವರ್ಗೀಕರಣದ ತಂತ್ರಾಂಶಕ್ಕೆ ಡಬಲ್ ಟ್ರಾಲಿ ಎಂಬ ಜೀವಿಯ ಪರಿಚಯವೇ ಇರದಿದ್ದರೆ ಅದು ತಲೆ ಕೆಡಿಸಿಕೊಳ್ಳುವುದೂ ಇಲ್ಲ. ಮೂರೂ ‘ವಾಹನ’ಗಳ ವೇಗ ಒಂದೇ ಇದೆ, ನಡುವಿನ ಅಂತರ ಅರೆ ಸೆಕೆಂಡೂ ಇಲ್ಲ, ಆದ್ದರಿಂದ ಇವು ಒಂದೇ ಗಾಡಿ ಎಂಬ ನಿಯಮವನ್ನು ಇಲ್ಲಿನ ರಸ್ತೆ ಬಲ್ಲವರು ಕೂತು ಬರೆಯಬೇಕು.

ಇದು ಬರೀ ತಲೆ ಎಣಿಕೆಯ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಎಂಜಿನಿಯರ್‌ಗಳು ವಾಹನಗಳನ್ನು ಕೂಡಿಸುವಾಗ ಒಂದಕ್ಕೆ ಒಂದು ಎಂದು ಕೂಡಿಸುವುದಿಲ್ಲ. ಪ್ಯಾಸೆಂಜರ್ ಕಾರ್ ಯೂನಿಟ್, ಅಂದರೆ ಪಿಸಿಯು ಎಂಬ ಅಳತೆ ಇದೆ. ಒಂದು ಗಾಡಿ ಎಷ್ಟು ಕಾರುಗಳಷ್ಟು ಜಾಗ ಮತ್ತು ಹೊತ್ತು ತಿನ್ನುತ್ತದೆ ಎಂಬ ಲೆಕ್ಕ. ಗ್ರಾಮೀಣ ರಸ್ತೆಗಳಿಗೆಂದು 1990ರಲ್ಲಿ ಬಂದ ಐಆರ್‌ಸಿ-64ರ ಪಟ್ಟಿಯಲ್ಲಿ ಬೈಕಿಗೆ 0.5, ಕಾರಿಗೂ ಆಟೋಗೂ 1, ಬರಿಯ ಟ್ರ್ಯಾಕ್ಟರಿಗೆ 1.5, ಬಸ್ಸು-ಲಾರಿಗೆ 3, ಟ್ರಾಲಿ ಕಟ್ಟಿದ ಟ್ರ್ಯಾಕ್ಟರಿಗೆ 4.5. ಎತ್ತಿನ ಬಂಡಿಗೆ? ಎಂಟು! ಇಡೀ ಪಟ್ಟಿಯಲ್ಲಿ ಅದೇ ದೊಡ್ಡಣ್ಣ. ಎರಡು ಎತ್ತು, ಒಬ್ಬ ರೈತ, ಹಿಂದೆ ಹಾರ್ನ್ ಹೊಡೆಯುತ್ತ ಸಾಲುಗಟ್ಟಿದ ಜಗತ್ತು. ಅದನ್ನು ಕಂಡವರಿಗೆ ಎಂಟು ಎಂಬುದು ಉದಾರ ಅನ್ನಿಸಲಿಕ್ಕಿಲ್ಲ.

ಒಂದು ಗಂಟೆಯ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಬೈಕು 120, ಕಾರು-ಜೀಪು 30, ಟಂಟಂ 20, ಬಸ್ಸು 8, ಲಾರಿ 12, ಕಬ್ಬಿನ ಗಾಡಿ 14, ಎತ್ತಿನ ಬಂಡಿ 2. ತಲೆ ಎಣಿಕೆ 206, ಪಿಸಿಯು 249. ಈಗ ನಮ್ಮ ಸೆನ್ಸರ್ ಪ್ರತಿ ಕಬ್ಬಿನ ಗಾಡಿಯನ್ನೂ ಒಂದು ಟ್ರ್ಯಾಕ್ಟರ್, ಎರಡು ಕಾರು ಎಂದು ಓದಲಿ. ವಾಹನಗಳ ಸಂಖ್ಯೆ 206ರಿಂದ 234ಕ್ಕೆ ಏರುತ್ತದೆ, ಪಿಸಿಯು 249ರಿಂದ 235ಕ್ಕೆ ಇಳಿಯುತ್ತದೆ. ಎಣಿಕೆ ಹೆಚ್ಚಾಯಿತು, ಹೊರೆ ಕಡಿಮೆಯಾಯಿತು! ಮೈಯಲ್ಲಿ ಕಬ್ಬಿಣ ಕಡಿಮೆಯಿರುವ ಎರಡು ಬಂಡಿಗಳೂ ಕಣ್ತಪ್ಪಿದರೆ ಇನ್ನೂ 16 ಹೋಯಿತು. ಅರ್ಧ ಬೈಕುಗಳು ಕಾಣದಿದ್ದರೆ ಮತ್ತೆ 30. ಉಳಿದದ್ದು 189. ಐಆರ್‌ಸಿ-64ರ ಪ್ರಕಾರವೇ ಬಯಲುಸೀಮೆಯ ಒಂದೇ ಪಥದ ರಸ್ತೆ ದಿನಕ್ಕೆ 2,000 ಪಿಸಿಯು ತಾಳುತ್ತದೆ, ಅದಕ್ಕಿಂತ ತುಸು ಅಗಲದ್ದು 6,000, ಎರಡು ಪಥದ್ದು 15,000. ಕಾಲು ಪಾಲು ಕಣ್ಮರೆಯಾದ ವರದಿಯನ್ನು ಹಿಡಿದು ಹೋದ ಊರಿಗೆ ‘ನಿಮ್ಮ ರಸ್ತೆ ಇನ್ನೂ ಸಾಲುತ್ತದೆ’ ಎಂಬ ಉತ್ತರ ಬಂದರೆ ತಪ್ಪು ಉತ್ತರ ಕೊಟ್ಟವನದಲ್ಲ.

ಟಂಟಂ ಕಥೆ ಇನ್ನೂ ತಮಾಷೆಯದು. ಪಟ್ಟಿಯಲ್ಲಿ ಆಟೋ ಮತ್ತು ಕಾರು ಒಂದೇ ಖಾನೆ. ಆದರೆ ಕಾರು ಬೀದರ್ ಬಿಟ್ಟರೆ ಊರು ಮುಟ್ಟಿದ ಮೇಲೇ ನಿಲ್ಲುವುದು. ಟಂಟಂ ಕೈ ಎತ್ತಿದವರ ಮುಂದೆಲ್ಲ ನಿಲ್ಲುತ್ತದೆ, ಅರ್ಧ ರಸ್ತೆಯ ಮೇಲೆಯೇ. ಜಾಗ ಕಾರಿನದು, ಸ್ವಭಾವ ಬಸ್ಸಿನದು. ಕ್ರೂಸರ್ ಜೀಪುಗಳದೂ ಇದೇ ಪಾಡು. ನನ್ನ ಮಟ್ಟಿಗೆ ಕಲ್ಯಾಣ ಕರ್ನಾಟಕದ ರಸ್ತೆಗಳಿಗೆ ಇವೆರಡಕ್ಕೂ ಬೇರೆಯೇ ಖಾನೆ ಬೇಕು. ಹೆದ್ದಾರಿಯ ಟೋಲ್ ಅಂಕಿಗಳನ್ನು ನಂಬಿ ಕೂರುವಂತೆಯೂ ಇಲ್ಲ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಹುಮನಾಬಾದ್ ಮೂಲಕ ಹಾಯುವ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಲಾರಿ-ಕಾರುಗಳ ಲೆಕ್ಕ ನಿಮಿಷ ನಿಮಿಷಕ್ಕೂ ಸಿಗುತ್ತದೆ. ಬೈಕು, ಟಂಟಂ, ಟ್ರ್ಯಾಕ್ಟರ್, ಬಂಡಿಗಳು ಮಾತ್ರ ಸುಂಕ ಕಟ್ಟುವುದಿಲ್ಲ, ಆದ್ದರಿಂದ ಆ ಲೆಕ್ಕದಲ್ಲಿ ಅವು ಹುಟ್ಟಿಯೇ ಇಲ್ಲ.

ಹಳೇ ಬೀದರ್‌ನ ಒಳಗೆ ಲೂಪು, ರಾಡಾರ್ ಎರಡೂ ಸೋಲುತ್ತವೆ. ಚೌಬಾರಾದ ದುಂಡು ಗೋಪುರದ ಸುತ್ತ ನಾಲ್ಕು ದಿಕ್ಕಿನ ರಸ್ತೆಗಳು ಕೂಡುತ್ತವೆ. ಅಲ್ಲಿ ಪಥ ಎಂಬುದೇ ಇಲ್ಲ. ಹಣ್ಣಿನ ಗಾಡಿ, ಬೈಕು, ಆಟೋ, ಅಲ್ಲಿನ ಹಳೆಯ ಮದರಸಾ ನೋಡಬಂದ ಪ್ರವಾಸಿ ವ್ಯಾನು ಎಲ್ಲವೂ ಸಿಕ್ಕ ಸಂದಿನಲ್ಲಿ ನುಗ್ಗುತ್ತವೆ. ಕಾವಲಿಗೆಂದು ಕಟ್ಟಿದ ಗೋಪುರದ ಎತ್ತರದಿಂದ ನೋಡುವ ಒಂದು ಕ್ಯಾಮೆರಾ, ಮತ್ತು ಚಿತ್ರದಲ್ಲಿ ಗೆರೆ ಎಳೆದು ಅದನ್ನು ದಾಟಿದವರನ್ನು ಎಣಿಸುವ ತಂತ್ರಾಂಶ, ಇಲ್ಲಿಗೆ ತಕ್ಕ ಸೆನ್ಸರ್. ಊರ ಹೊರಗಿನ ಕ್ಯಾಮೆರಾ ನಂಬರ್ ಪ್ಲೇಟನ್ನೂ ಓದಬಲ್ಲದಾದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಕೆಎ-38 ಬೀದರ್‌ನದು, ಕೆಎ-39 ಭಾಲ್ಕಿಯದು, ಎಂಎಚ್-24 ಲಾತೂರಿನದು, ಎಂಎಚ್-26 ನಾಂದೇಡ್‌ನದು. ಗಡಿ ಜಿಲ್ಲೆಯ ರಸ್ತೆಯನ್ನು ಊರವರೆಷ್ಟು ಬಳಸುತ್ತಾರೆ, ಹಾದು ಹೋಗುವವರೆಷ್ಟು ಎಂಬ ಅಂದಾಜಿಗೆ ಇಷ್ಟು ಸಾಕು. ಮೊದಲ ನಾಲ್ಕು ಅಕ್ಷರ ಉಳಿಸಿಕೊಂಡು ಉಳಿದದ್ದನ್ನು ಅಳಿಸಿಬಿಡಬೇಕು. ಯಾರು ಎಲ್ಲಿಗೆ ಹೋದರು ಎಂಬುದು ಗಣತಿಯ ಕೆಲಸವಲ್ಲ.

ಇನ್ನು ವರದಿ. ಸೆನ್ಸರ್ ಕಳಿಸುವುದು ಉದ್ದದ ಒಂದು ಜಾಬಿತಾ: ಸಮಯ, ಪಥ, ವೇಗ, ಉದ್ದ, ವರ್ಗ. ತಿಂಗಳಿಗೆ ಲಕ್ಷಗಟ್ಟಲೆ ಸಾಲು. ಅದನ್ನು ಹದಿನೈದು ನಿಮಿಷದ ಕಂತೆ ಮಾಡಿ, ಕಂತೆಗಳಿಂದ ಗಂಟೆ, ಗಂಟೆಗಳಿಂದ ದಿನ, ದಿನಗಳಿಂದ ವರ್ಷದ ಸರಾಸರಿ ತೆಗೆಯುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ಎಡವುವುದು ಅದಕ್ಕೂ ಮುಂಚೆ. ಸೆನ್ಸರಿನ ಗಡಿಯಾರ ಜಾಗತಿಕ ಸಮಯದಲ್ಲಿದ್ದು ಯಾರೂ ಐದೂವರೆ ಗಂಟೆ ಕೂಡಿಸದಿದ್ದರೆ, ಭಾಲ್ಕಿಯಲ್ಲಿ ಶಾಲೆ-ಕಚೇರಿಯ ಒಂಬತ್ತು ಗಂಟೆಯ ನೂಕುನುಗ್ಗಲು ವರದಿಯಲ್ಲಿ ನಸುಕಿನ ಮೂರೂವರೆಗೆ ಕಾಣಿಸುತ್ತದೆ. ಇದಾದರೂ ನೋಡಿದ ಕೂಡಲೇ ನಗು ಬರಿಸುವ ತಪ್ಪು. ಸೊನ್ನೆಯ ತಪ್ಪು ನಗು ಬರಿಸುವುದಿಲ್ಲ, ಕಾಣಿಸುವುದೂ ಇಲ್ಲ. ಮಧ್ಯಾಹ್ನ ಎರಡರಿಂದ ಐದರವರೆಗೆ ಕರೆಂಟು ಹೋಗಿ ಬ್ಯಾಟರಿ ಕೈಕೊಟ್ಟಿತು. ಆ ಮೂರು ಗಂಟೆಗೆ ‘0’ ಎಂದು ಬರೆದರೆ ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ ಎಂದರ್ಥ. ಖಾಲಿ ಬಿಟ್ಟರೆ ನೋಡಿದವರಿಲ್ಲ ಎಂದರ್ಥ. ಎರಡನ್ನೂ ಒಂದು ಮಾಡಿದ ಸರಾಸರಿ ಸದ್ದಿಲ್ಲದೆ ಕುಗ್ಗುತ್ತದೆ. ಒಳ್ಳೆಯ ವರದಿ ಮಾಡುವವರು ಹಿಂದಿನ ಕೆಲವು ವಾರಗಳ ಅದೇ ದಿನ, ಅದೇ ಹೊತ್ತಿನ ಅಂಕಿಗಳಿಂದ ಆ ಗಂಟೆಗಳನ್ನು ತುಂಬಿ, ‘ಇದು ಎಣಿಸಿದ್ದಲ್ಲ, ಅಂದಾಜು’ ಎಂದು ಪಕ್ಕದಲ್ಲಿ ಗುರುತು ಹಾಕುತ್ತಾರೆ.

ವಾರವನ್ನು ಮರೆತರೆ ಈ ಜಿಲ್ಲೆಯಲ್ಲಿ ಲೆಕ್ಕ ತಪ್ಪಿದಂತೆಯೇ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಗೆ ಭಾನುವಾರ ಭಕ್ತರು ಮುಗಿಬೀಳುತ್ತಾರೆ. ಎಲ್ಲೆಡೆ ಭಾನುವಾರ ರಸ್ತೆ ತೆಳುವಾಗುತ್ತದೆ ಎಂಬ ಪಾಠಪುಸ್ತಕದ ಸೂತ್ರ ಇಲ್ಲಿ ತಲೆಕೆಳಗು. ಔರಾದ್‌ನ ಅಮರೇಶ್ವರ ಜಾತ್ರೆ ಶಿವರಾತ್ರಿಗೆ. ಜೊತೆಗೆ ದನದ ಜಾತ್ರೆ, ದೇವಣಿ ತಳಿಯ ರಾಸುಗಳನ್ನು ಹೊತ್ತ ಟೆಂಪೋಗಳ ಸಾಲು. ಜಾತ್ರೆ ಇದ್ದರೆ ಗಣತಿಯನ್ನು ಕೆಲವು ದಿನ ಮುಂದೂಡಿ ಎನ್ನುತ್ತದೆ ಐಆರ್‌ಸಿ-9. ವರ್ಷದ ಸರಾಸರಿ ಕೆಡಬಾರದೆಂಬ ಕಾಳಜಿ ಸರಿಯೇ. ಆದರೆ ಔರಾದ್‌ಗೆ ಶಿವರಾತ್ರಿ ಅಸಹಜ ಘಟನೆಯಲ್ಲ, ಪ್ರತಿ ವರ್ಷ ಬರುತ್ತದೆ. ಸದಾ ಎಚ್ಚರವಿರುವ ಸೆನ್ಸರ್ ಇದ್ದರೆ ಈ ಜಗಳವೇ ಬೇಡ. ವರ್ಷದ 8,760 ಗಂಟೆಗಳನ್ನೂ ದಟ್ಟಣೆಯ ಇಳಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ಮೂವತ್ತನೆಯದನ್ನು ಹೆಕ್ಕುವುದು ರಸ್ತೆ ವಿನ್ಯಾಸಕಾರರ ಹಳೆಯ ರೂಢಿ. ಅದಕ್ಕೆ ತಕ್ಕಂತೆ ರಸ್ತೆ ಕಟ್ಟಿದರೆ ವರ್ಷದಲ್ಲಿ ಇಪ್ಪತ್ತೊಂಬತ್ತು ಗಂಟೆ ಮಾತ್ರ ಪರದಾಟ. ಜಾತ್ರೆಯ ಗಂಟೆಗಳು ಸಾಲಿನ ತುದಿಯಲ್ಲಿ ಕೂರುತ್ತವೆ, ಕಬ್ಬಿನ ಗಂಟೆಗಳು ಅದರ ಕೆಳಗೆ ಬರುತ್ತವೆ. ಹದಿನಾಲ್ಕು ದಿನದ ಗಣತಿಯಿಂದ ಈ ಸಾಲು ಎಂದೂ ಹುಟ್ಟುವುದಿಲ್ಲ.

ವೇಗದ ಸರಾಸರಿಯಲ್ಲೂ ಒಂದು ಕುಣಿಕೆಯಿದೆ. ಸೆನ್ಸರ್ ಮುಂದೆ ಗಂಟೆಗೆ 20 ಕಿಲೋಮೀಟರ್ ವೇಗದ ಒಂದು ಟ್ರ್ಯಾಕ್ಟರ್, 80ರ ಒಂದು ಕಾರು ಹಾದವು. ಸರಾಸರಿ 50 ಎಂದು ವರದಿ ಬರುತ್ತದೆ. ಅವೆರಡೂ 40 ಕಿಲೋಮೀಟರ್ ಹೋಗಲಿ. ಟ್ರ್ಯಾಕ್ಟರಿಗೆ ಎರಡು ಗಂಟೆ, ಕಾರಿಗೆ ಅರ್ಧ ಗಂಟೆ, ಸರಾಸರಿ ಒಂದೂಕಾಲು ಗಂಟೆ. ಅಂದರೆ ವೇಗ 32. ಒಂದು ಜಾಗದಲ್ಲಿ ನಿಂತು ಅಳೆದ ವೇಗಕ್ಕೂ ದಾರಿಯುದ್ದಕ್ಕೂ ಅಳೆದ ವೇಗಕ್ಕೂ ಇರುವ ಈ ಅಂತರವನ್ನು 1952ರಲ್ಲಿ ಬ್ರಿಟನ್ನಿನ ವಾರ್ಡ್ರಾಪ್ ಗಣಿತದಲ್ಲಿ ತೋರಿಸಿದ. ಔರಾದ್‌ನಿಂದ ಬೀದರ್ ಆಸ್ಪತ್ರೆಗೆ ಆಂಬುಲೆನ್ಸ್ ಎಷ್ಟು ಹೊತ್ತಿಗೆ ಮುಟ್ಟೀತು ಎಂದು ಕೇಳುವವರಿಗೆ ಬೇಕಾದದ್ದು ಎರಡನೆಯದು.

ತೂಕದ ವಿಷಯಕ್ಕೆ ಬಂದರೆ ಎಣಿಕೆಯ ಮರ್ಯಾದೆ ಪೂರ್ತಿ ಹೋಗುತ್ತದೆ. 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಪ್ರಯೋಗಕ್ಕೆಂದೇ ರಸ್ತೆ ಕಟ್ಟಿ, ಅದರ ಮೇಲೆ ಲಾರಿಗಳನ್ನು ಸುತ್ತು ಹೊಡೆಸಿ ಕಂಡುಕೊಂಡ ಸತ್ಯ ಇದು: ರಸ್ತೆಗಾಗುವ ಹಾನಿ ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೇ ಘಾತಕ್ಕೆ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯುವ ಪ್ರಮಾಣಿತ ಅಚ್ಚು 8.16 ಟನ್. ಅರ್ಧ ಟನ್ ಭಾರದ ಕಾರಿನ ಅಚ್ಚುಗಳು ಸುಮಾರು 70 ಸಾವಿರ ಸಲ ಉರುಳಿದರೆ ಅಂಥ ಒಂದು ಅಚ್ಚಿನ ಪೆಟ್ಟಿಗೆ ಸಮ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು. 1.3 ಟನ್ ಹೆಚ್ಚಾದದ್ದು. ಈ ಸೂತ್ರದಂತೆ ಹಾನಿ ಪ್ರಮಾಣಿತ ಅಚ್ಚಿನ 2.44 ಪಟ್ಟಿನಿಂದ 3.94 ಪಟ್ಟಿಗೆ ಜಿಗಿಯಿತು. ಕಾನೂನಿನ ಒಳಗಿದ್ದೇ ಇಷ್ಟು. ಹೇರಿದಷ್ಟು ಹೊರುವ ಟ್ರಾಲಿ ಎರೆ ನೆಲದ ರಸ್ತೆಗೆ ಏನು ಮಾಡುತ್ತದೆಂದು ಹೇಳಲು ವಾಹನದ ಸಂಖ್ಯೆ ಯಾವ ಸಹಾಯಕ್ಕೂ ಬಾರದು. ಓಡುತ್ತಿರುವಾಗಲೇ ತೂಗುವ ಪೀಜೋ ಪಟ್ಟಿಗಳಿವೆ, ದುಬಾರಿ. ಪ್ರತಿ ರಸ್ತೆಗೂ ಬೇಡ, ಕಬ್ಬಿನ ದಾರಿಗೆ ಒಂದಾದರೂ ಬೇಕು.

ಇಷ್ಟೆಲ್ಲ ಓದಿದ ಮೇಲೆ ನಿಮ್ಮ ಊರಿನ ರಸ್ತೆಯ ಲೆಕ್ಕ ನೋಡುವ ಆಸೆಯಾದರೆ ದಾರಿ ಇದೆ. ಲೋಕೋಪಯೋಗಿ ಇಲಾಖೆ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳಲ್ಲಿ ವಾಹನ ಗಣತಿ ನಡೆಸುತ್ತದೆ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅದನ್ನು ಪಡೆಯಬಹುದು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದಗಳೊಳಗೆ ಇರಬೇಕು, ಆದರೂ ದಿನಕ್ಕೆ ಎಷ್ಟು ವಾಹನ ಎಂಬ ಒಂದೇ ಅಂಕಿ ಕೇಳಿ ಸುಮ್ಮನಾಗಬೇಡಿ. ಎಣಿಸಿದ ದಿನಗಳು ಯಾವುವು, ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಯಾವ ಖಾನೆಗೆ ಹಾಕಿದ್ದಾರೆ, ಎಣಿಕೆ ತಪ್ಪಿದ ಗಂಟೆಗಳೆಷ್ಟು ಎಂಬುದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.